ಐವತ್ತರ ಮೇಲೂ ಗರಡಿ: ವಯಸ್ಸಾಗುತ್ತಿರುವ ಮೈಯಲ್ಲಿ ಕುಸ್ತಿ ಉಳಿಸಿಕೊಳ್ಳುವ ಸಮಗ್ರ ಮಾರ್ಗದರ್ಶಿ

ದಾವಣಗೆರೆಯಲ್ಲಿ ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಬರುತ್ತದೆ. ಜಾತ್ರೆಯ ಬಯಲು ಜಂಗಿ ಕುಸ್ತಿಗೆ ಹೋದವರು ಕಣದ ಅಂಚಿನಲ್ಲಿ ಕೂತ ಹಳೇ ಪೈಲ್ವಾನರನ್ನು ನೋಡಿಯೇ ಇರುತ್ತೀರಿ. ಕಿವಿ ಮುರುಟಿರುತ್ತದೆ, ಕತ್ತು ಇನ್ನೂ ದಪ್ಪಗೇ ಇರುತ್ತದೆ. ಒಳಗೆ ಹುಡುಗರು ಸೆಣಸುತ್ತಿದ್ದರೆ ಇವರ ಹೆಗಲು ತಾನಾಗಿಯೇ ಆ ಕಡೆ ಈ ಕಡೆ ವಾಲುತ್ತದೆ. ಮಾತಾಡಿಸಿ ನೋಡಿ. ಬಹಳ ಜನ ಮಣ್ಣು ಮುಟ್ಟಿ ವರ್ಷಗಳೇ ಆಗಿರುತ್ತವೆ. ಮಂಡಿ ಹೋಯಿತು, ಸೊಂಟ ಹಿಡಿಯಿತು, ಮನೆಯಲ್ಲಿ ಬೇಡ ಅಂದರು, ಬಿಟ್ಟೆ ಅನ್ನುತ್ತಾರೆ.

ಇವರಲ್ಲಿ ಎಷ್ಟೋ ಜನ ಬಿಡಬೇಕಾಗಿರಲಿಲ್ಲ ಅನ್ನುವುದು ನನ್ನ ಖಚಿತ ನಂಬಿಕೆ. ನಮ್ಮ ಗರಡಿಗಳಲ್ಲಿ ಎರಡೇ ದಾರಿ ಇದೆ. ಒಂದು, ಇಪ್ಪತ್ತೈದರಲ್ಲಿ ಹೊಡೆದಷ್ಟೇ ದಂಡ, ಬಸ್ಕಿ ಐವತ್ತರಲ್ಲೂ ಹೊಡೆಯುವುದು. ಇನ್ನೊಂದು, ಒಂದು ದಿನ ಏನೋ ಕಟಕ್ ಅಂದ ಮೇಲೆ ಪೂರ್ತಿ ಬಿಟ್ಟು ಕಟ್ಟೆ ಮೇಲೆ ಕೂರುವುದು. ಇವೆರಡರ ನಡುವಿನ ದಾರಿಯನ್ನು ಯಾರೂ ಹೇಳಿಕೊಡುವುದಿಲ್ಲ. ಈ ಬರಹ ಆ ದಾರಿಯ ಬಗ್ಗೆ. ವಯಸ್ಸಾದಾಗ ಬಿಡಬೇಕಾದ್ದು ಲೆಕ್ಕ ಮತ್ತು ಜಿದ್ದು. ಮಣ್ಣನ್ನಲ್ಲ.

ಚಿಕ್ಕಂದಿನಲ್ಲಿ ಗರಡಿ ಕಲಿತು ಈಗ 45, 55, 65 ಆಗಿರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಕುಸ್ತಿಯನ್ನೇ ಕಲಿಯದವರು ಐವತ್ತರಲ್ಲಿ ಹೊಸದಾಗಿ ಶುರು ಮಾಡುವುದಾದರೆ ಅದಕ್ಕೆ ಉಸ್ತಾದರು ಎದುರಿಗೇ ಇರಬೇಕು. ಓದಿ ಮಾಡುವ ಕೆಲಸ ಅದಲ್ಲ.

ಹಂತ 1: ಮೈಯಲ್ಲಿ ಏನು ಬದಲಾಗಿದೆ ಅಂತ ತಿಳಿದುಕೊಳ್ಳಿ

ಮೂವತ್ತು ದಾಟಿದ ಮೇಲೆ ಸ್ನಾಯು ಹತ್ತು ವರ್ಷಕ್ಕೆ ಸುಮಾರು 3ರಿಂದ 8 ಶೇಕಡ ಕರಗುತ್ತಾ ಹೋಗುತ್ತದೆ. ಅರವತ್ತರ ಮೇಲೆ ಈ ವೇಗ ಇನ್ನೂ ಜಾಸ್ತಿ. ಆದರೆ ಎಲ್ಲ ಸ್ನಾಯುವೂ ಒಂದೇ ಸಮ ಕರಗುವುದಿಲ್ಲ. ಥಟ್ಟನೆ ಚಿಮ್ಮುವ ಕೆಲಸಕ್ಕೆ ಬೇಕಾದ ಸ್ನಾಯುವಿನ ಎಳೆಗಳು ಮೊದಲು ಸೊರಗುತ್ತವೆ. ಹಿಡಿದು ನಿಲ್ಲುವ ಎಳೆಗಳು ಬಹಳ ಕಾಲ ಉಳಿಯುತ್ತವೆ.

ಕುಸ್ತಿ ಆಡಿದವರಿಗೆ ಇದು ಅನುಭವದಲ್ಲೇ ಗೊತ್ತು. ಎದುರಾಳಿ ಕಾಲಿಗೆ ನುಗ್ಗುವುದು ಕಣ್ಣಿಗೆ ಕಾಣುತ್ತದೆ, ತಡೆಯುವಷ್ಟರಲ್ಲಿ ಅವನು ಒಳಗೆ ಬಂದಿರುತ್ತಾನೆ. ಆದರೆ ಒಮ್ಮೆ ಮಣಿಕಟ್ಟು ಸಿಕ್ಕರೆ ಅದೇ ಹುಡುಗನಿಗೆ ಬಿಡಿಸಿಕೊಳ್ಳಲು ಆಗುವುದಿಲ್ಲ. ಮುಂದೆ ಹೇಳುವುದರಲ್ಲಿ ಅರ್ಧಕ್ಕರ್ಧ ಈ ಒಂದು ವಿಷಯದ ಮೇಲೇ ನಿಂತಿದೆ.

ಎರಡನೆಯದು, ಸ್ನಾಯುವನ್ನು ಎಲುಬಿಗೆ ಕಟ್ಟುವ ನರಗಟ್ಟು. ಇದಕ್ಕೆ ರಕ್ತ ಹರಿಯುವುದು ಮೊದಲೇ ಕಡಿಮೆ. ವಯಸ್ಸಾದಂತೆ ಬಿರುಸಾಗುತ್ತದೆ. ಸ್ನಾಯು ಕೆಲವೇ ವಾರಗಳಲ್ಲಿ ಬಲ ಪಡೆದರೆ ನರಗಟ್ಟಿಗೆ ತಿಂಗಳುಗಳೇ ಬೇಕು. ಎರಡು ವರ್ಷ ಬಿಟ್ಟು ಮತ್ತೆ ಗರಡಿಗೆ ಬಂದವರು ಮೊದಲ ತಿಂಗಳಲ್ಲಿ ಚೆನ್ನಾಗಿದ್ದು, ಎರಡನೇ ತಿಂಗಳಲ್ಲಿ ಭುಜವನ್ನೋ ಹಿಮ್ಮಡಿಯನ್ನೋ ಹಿಡಿದುಕೊಂಡು ಕೂರುವುದು ಇದಕ್ಕೇ. ಸ್ನಾಯು ತಯಾರಾಗಿರುತ್ತದೆ, ನರಗಟ್ಟು ಇನ್ನೂ ಹಿಂದೆ ಇರುತ್ತದೆ.

ಗಾಮಾ ಪೈಲ್ವಾನರ ಕತೆ ಇಲ್ಲಿ ನೆನಪಿಗೆ ಬರುತ್ತದೆ. 1910ರಲ್ಲಿ ಲಂಡನ್‌ನಲ್ಲಿ ಅವರು ಜ್ಬಿಸ್ಕೊ ಎಂಬ ಪೋಲೆಂಡಿನ ಮಲ್ಲನ ಜೊತೆ ಎರಡೂವರೆ ಗಂಟೆಗೂ ಹೆಚ್ಚು ಸೆಣಸಿದರು. ಕುಸ್ತಿ ತೀರ್ಮಾನವಾಗಲಿಲ್ಲ. 1928ರಲ್ಲಿ ಪಟಿಯಾಲದಲ್ಲಿ ಅದೇ ಇಬ್ಬರು ಮತ್ತೆ ಎದುರಾದರು. ಇಬ್ಬರಿಗೂ ಐವತ್ತರ ಹತ್ತಿರ. ಗಾಮಾ ಒಂದು ನಿಮಿಷದೊಳಗೆ ಮುಗಿಸಿದರು. ಗಾಮಾ ಲೋಕಕ್ಕೆ ಒಬ್ಬರೇ, ಅದು ಸರಿ. ಆದರೂ ನಮ್ಮಂಥವರು ಕಲಿಯಬೇಕಾದ್ದು ಇದರಲ್ಲಿದೆ: ಈ ವಯಸ್ಸಿನ ಕುಸ್ತಿ ಚಿಕ್ಕದಾಗಿರಬೇಕು.

ಹಂತ 2: ಡಾಕ್ಟರ ಹತ್ತಿರ ಹೋಗಿ, ಸರಿಯಾದ ಪ್ರಶ್ನೆ ಕೇಳಿ

ಎರಡು ಮೆಡಿಕಲ್ ಕಾಲೇಜು ಇರುವ ಊರು ನಮ್ಮದು. ತಪಾಸಣೆಗೆ ನೆಪ ಹೇಳುವ ಹಾಗಿಲ್ಲ. ಬಿಪಿ, ಶುಗರ್, ಇಸಿಜಿ, ಕೊಬ್ಬು ಮತ್ತು ಕಿಡ್ನಿಯ ರಕ್ತ ಪರೀಕ್ಷೆ ಇಷ್ಟನ್ನು ಮಾಡಿಸಿ. ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಲ್ಲೇ ಹೃದಯದ ತೊಂದರೆ ಬಂದಿದ್ದರೆ ಅದನ್ನು ಮುಚ್ಚಿಡದೆ ಹೇಳಿ. ನಡೆಯುತ್ತಾ ಮಾಡುವ ಹೃದಯ ಪರೀಕ್ಷೆ ಬೇಕಾ ಅಂತ ಅವರೇ ಹೇಳುತ್ತಾರೆ.

"ವ್ಯಾಯಾಮ ಮಾಡಬಹುದಾ ಸಾರ್" ಅಂತಷ್ಟೇ ಕೇಳಿದರೆ "ವಾಕಿಂಗ್ ಮಾಡಿ" ಅಂತ ಉತ್ತರ ಬರುತ್ತದೆ. ಪ್ರಶ್ನೆ ಹಾಗಿದ್ದರೆ ಉತ್ತರವೂ ಹಾಗೇ ತಾನೇ? ಬಿಡಿಸಿ ಹೇಳಿ. ಎದುರಾಳಿಯನ್ನು ತಬ್ಬಿ ಹಿಡಿಯುತ್ತೇನೆ, ನೆಲಕ್ಕೆ ಬೀಳುತ್ತೇನೆ, ಎದೆ ಮೇಲೆ ಭಾರ ಬೀಳುತ್ತದೆ, ಕತ್ತಿಗೆ ಎಳೆತ ಬರುತ್ತದೆ, ಎರಡು ನಿಮಿಷ ಏದುಸಿರು ಬರುತ್ತದೆ ಅಂತ ಹೇಳಿ. ಆಗ ಅವರು ನಿಜವಾಗಿ ಯೋಚಿಸುತ್ತಾರೆ.

ಕೆಲವು ವಿಷಯದಲ್ಲಿ ಮಾತ್ರ ರಾಜಿ ಇಲ್ಲ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಕುಸ್ತಿ ಹಿಡಿಯಲೇಬಾರದು. ತಲೆಗೆ ಸಣ್ಣ ಪೆಟ್ಟು ಬಿದ್ದರೂ ಒಳಗೆ ರಕ್ತ ಸೋರಬಹುದು. ಅಂಥವರಿಗೂ ಹಗುರ ಸಾಮು (ಗರಡಿಯ ವ್ಯಾಯಾಮ) ಇದೆ, ಕಲಿಸುವ ಕೆಲಸ ಇದೆ. ತೊಡೆಸಂದಿನಲ್ಲಿ ಗಂಟು ಉಬ್ಬಿ ಒತ್ತಿದರೆ ಒಳಹೋಗುತ್ತಿದ್ದರೆ ಅದು ಹರ್ನಿಯಾ ಇರಬಹುದು. ಸರ್ಜನ್‌ಗೆ ತೋರಿಸುವ ತನಕ ಭಾರ ಎತ್ತಬೇಡಿ. ಗ್ಲೂಕೋಮಾ ಇರುವವರು ತಲೆ ಕೆಳಗಾಗುವ ಯಾವ ಸಾಮನ್ನೂ ಮಾಡಬಾರದು, ಕಣ್ಣಿನ ಒತ್ತಡ ಏರುತ್ತದೆ. ಪೊರೆ ಆಪರೇಷನ್ ಆದವರು ಯಾವಾಗಿನಿಂದ ಕಣಕ್ಕಿಳಿಯಬಹುದು ಅಂತ ಕಣ್ಣಿನ ಡಾಕ್ಟರನ್ನೇ ಕೇಳಬೇಕು.

ಬಿಪಿಗೆ ಕೊಡುವ ಕೆಲವು ಮಾತ್ರೆಗಳು ನಾಡಿಯ ಬಡಿತವನ್ನು ತಗ್ಗಿಸಿ ಹಿಡಿದಿರುತ್ತವೆ. ಅಂಥವರು ನಾಡಿ ಎಣಿಸಿ ದಣಿವನ್ನು ಅಳೆಯಬಾರದು. ಮಾತಾಡಿ ನೋಡುವುದೇ ಸರಿ. ಒಂದು ಪೂರ್ತಿ ವಾಕ್ಯ ಹೇಳಲು ಆಗದಷ್ಟು ಉಸಿರು ಹತ್ತಿದ್ದರೆ ನಿಲ್ಲಿಸಿ.

ಧನುರ್ವಾಯುವಿನ ಇಂಜೆಕ್ಷನ್ (ಹಿಂದೆ ಟಿಟಿ, ಈಗ ಟಿಡಿ) ಮರೆಯಬೇಡಿ. ನಮ್ಮ ಆಟ ಮಣ್ಣಿನದು. ಧನುರ್ವಾಯುವಿನ ಬೀಜ ಇರುವುದೂ ಮಣ್ಣಿನಲ್ಲೇ. ಈ ಲಸಿಕೆಯನ್ನು 10 ವರ್ಷಕ್ಕೊಮ್ಮೆ ಹಾಕಿಸಿಕೊಳ್ಳಬೇಕು. ಸ್ಕೂಲಲ್ಲಿ ಹಾಕಿಸಿಕೊಂಡಿದ್ದಷ್ಟೇ ಈಗ ಸಾಲದು.

ಹಂತ 3: ಎದ್ದ ಕೂಡಲೇ ಬಗ್ಗಬೇಡಿ

ಗರಡಿಯ ಹೊತ್ತು ಬೆಳಗಿನ ಜಾವ. ನಾಲ್ಕೂವರೆಗೆ ಎದ್ದು, ಐದಕ್ಕೆ ಲಂಗೋಟಿ ಕಟ್ಟಿ, ಗುದ್ದಲಿ ಹಿಡಿದು ಮಣ್ಣು ಅಗೆಯುವುದು ನಮ್ಮ ರೂಢಿ. ಹುಡುಗರಿಗೆ ಇದರಷ್ಟು ಒಳ್ಳೆಯ ಮೈಕಾವು ಬೇರೆ ಇಲ್ಲ. ಐವತ್ತು ದಾಟಿದವರ ಸೊಂಟಕ್ಕೆ ಮಾತ್ರ ಇದು ದಿನದ ಅತಿ ಕೆಟ್ಟ ಗಳಿಗೆ.

ಬೆನ್ನುಮೂಳೆಯ ಮಣಿಗಳ ನಡುವೆ ಮೆತ್ತನೆಯ ಬಿಲ್ಲೆಗಳಿವೆ. ರಾತ್ರಿ ಮಲಗಿದಾಗ ಅವು ನೆನೆಸಿಟ್ಟ ಕಡಲೆಯ ಹಾಗೆ ನೀರು ಹೀರಿ ಉಬ್ಬುತ್ತವೆ. ಎದ್ದ ಮೊದಲ ಒಂದು ಗಂಟೆ ಅವು ಬಿಗಿಯಾಗಿರುತ್ತವೆ. ಆಗ ಮುಂದಕ್ಕೆ ಪೂರ್ತಿ ಬಗ್ಗಿದರೆ, ಅದರ ಜೊತೆ ತಿರುಚಿದರೆ, ಬಿಲ್ಲೆಯ ಮೇಲೆ ಬೀಳುವ ಒತ್ತಡ ಹಗಲಿಗಿಂತ ಬಹಳ ಜಾಸ್ತಿ. ಗುದ್ದಲಿ ಕೆಲಸದಲ್ಲಿ ಇರುವುದು ಇವೆರಡೇ, ಬಗ್ಗುವುದು ಮತ್ತು ತಿರುಚುವುದು.

ಹಾಗಂತ ಮಣ್ಣು ಅಗೆಯುವುದನ್ನು ಬಿಡಬೇಕಿಲ್ಲ. ಕ್ರಮ ಬದಲಿಸಿ. ಎದ್ದ ಮೇಲೆ ಒಂದು ಲೋಟ ಬೆಚ್ಚಗಿನ ನೀರು ಕುಡಿಯಿರಿ. ಗರಡಿಗೆ ಗಾಡಿಯಲ್ಲಿ ಹೋಗುವ ಬದಲು ನಡೆದು ಹೋಗಿ. ದೂರ ಇದ್ದರೆ ಮನೆ ಸುತ್ತ ಇಪ್ಪತ್ತು ನಿಮಿಷ ನಡೆಯಿರಿ. ಕುಂದವಾಡ ಕೆರೆ ಹತ್ತಿರ ಇರುವವರಿಗೆ ಏರಿ ಮೇಲೆ ನಡೆಯುವುದಕ್ಕಿಂತ ಒಳ್ಳೆಯದಿಲ್ಲ. ಗರಡಿಗೆ ಬಂದ ಮೇಲೆ ಗೋಡೆಗೆ ಕೈ ಕೊಟ್ಟು ಕಾಲುಗಳನ್ನು ಹಿಂದೆ ಮುಂದೆ ಬೀಸಿ. ಭುಜವನ್ನು ಮೊದಲು ಸಣ್ಣ ಸುತ್ತು, ಆಮೇಲೆ ದೊಡ್ಡ ಸುತ್ತು ತಿರುಗಿಸಿ. ಅಂಗೈ, ಮಂಡಿ ಊರಿ ಬೆನ್ನನ್ನು ನಿಧಾನವಾಗಿ ಮೇಲೆ ಕೆಳಗೆ ಮಾಡಿ. ಹಣೆಯಲ್ಲಿ ತೆಳ್ಳಗೆ ಬೆವರು ಬಂದ ಮೇಲೆ ಗುದ್ದಲಿ ಹಿಡಿಯಿರಿ.

ಅಗೆಯುವಾಗ ಸೊಂಟದಿಂದ ಗೂನು ಮಾಡಬೇಡಿ. ಒಂದು ಕಾಲು ಮುಂದಿಟ್ಟು, ಮಂಡಿ ಸ್ವಲ್ಪ ಸಡಿಲಿಸಿ, ಕುಂಡೆಯನ್ನು ಹಿಂದಕ್ಕೆ ತಳ್ಳಿ ಬಗ್ಗಿ. ಬೆನ್ನು ಹಲಗೆಯಂತೆ ನೇರ ಇರಲಿ. ಅಗೆದ ಮಣ್ಣನ್ನು ಪಕ್ಕಕ್ಕೆ ಹಾಕುವಾಗ ಸೊಂಟ ತಿರುಚುವ ಬದಲು ಪಾದವನ್ನೇ ತಿರುಗಿಸಿ. ಹತ್ತಿಪ್ಪತ್ತು ಏಟಾದ ಮೇಲೆ ಮುಂದಿನ ಕಾಲು ಬದಲಿಸಿ. ಹುಡುಗರು "ಬಿಡಿ ಕಾಕಾ, ನಾವು ಅಗೀತೀವಿ" ಅಂದರೆ ಅರ್ಧ ಅವರಿಗೇ ಬಿಡಿ. ಕಣ ಅರ್ಧ ಅಡಿ ಆಳ ಸಡಿಲವಾಗಿದೆಯಾ, ಕಲ್ಲು, ಗಾಜಿನ ಚೂರು ಇದೆಯಾ ಅಂತ ಮಾತ್ರ ನೀವೇ ಕೈಯಾಡಿಸಿ ನೋಡಿ. ಬೀಳುವವರು ನೀವು.

ಒಟ್ಟು ಮೈಕಾವಿಗೆ ಅರ್ಧ ಗಂಟೆ ಎತ್ತಿಡಿ. ಸಮಯ ಕಡಿಮೆ ಇದ್ದ ದಿನ ಕುಸ್ತಿಯನ್ನು ಬಿಡಿ, ಮೈಕಾವನ್ನು ಬಿಡಬೇಡಿ.

ಹಂತ 4: ಸಾಮು ಹೊಸದಾಗಿ ಹೊಂದಿಸಿಕೊಳ್ಳಿ

ಗರಡಿಯಲ್ಲಿ ಗೌರವ ಲೆಕ್ಕಕ್ಕಿತ್ತು. ಇಷ್ಟು ದಂಡ ಹೊಡೆದ, ಇಷ್ಟು ಬಸ್ಕಿ ಹೊಡೆದ ಅಂತ ಊರೇ ಮಾತಾಡುತ್ತಿತ್ತು. ಆ ಲೆಕ್ಕವನ್ನು ಕೆಳಗಿಡುವುದೇ ಎಲ್ಲಕ್ಕಿಂತ ಕಷ್ಟ. ಆದರೆ ನಿಮ್ಮ ಈಗಿನ ಮೈಗೆ ನೂರು ಬಿರುಸಿನ ಬಸ್ಕಿಗಿಂತ ಹನ್ನೆರಡು ನಿಧಾನದ ಬಸ್ಕಿ ಹೆಚ್ಚು ಕೊಡುತ್ತದೆ.

ಬಸ್ಕಿಯಿಂದ ಶುರು ಮಾಡೋಣ, ಮಂಡಿ ಹಾಳಾಗುವುದು ಅಲ್ಲೇ. ನಮ್ಮ ಹಳೇ ಬಸ್ಕಿಯಲ್ಲಿ ಹಿಮ್ಮಡಿ ಏಳುತ್ತದೆ, ಪೂರ್ತಿ ಕೂತು ಚಿಮ್ಮಿ ಏಳುತ್ತೇವೆ. ಆಗ ಮಂಡಿಚಿಪ್ಪಿನ ಹಿಂದೆ ಒತ್ತಡ ಬಹಳ ಬೀಳುತ್ತದೆ. ಹಿಮ್ಮಡಿ ನೆಲಕ್ಕೆ ಊರಿ. ಹಿಂದೆ ಒಂದು ಸ್ಟೂಲ್ ಇಟ್ಟುಕೊಳ್ಳಿ. ಮೂರು ಎಣಿಸುತ್ತಾ ಇಳಿಯಿರಿ, ಸ್ಟೂಲಿಗೆ ಕುಂಡೆ ತಾಗಿದ ಕೂಡಲೇ ಏಳಿ. 8ರಿಂದ 12 ಸಲ, ನಡುವೆ ಎರಡು ನಿಮಿಷ ಬಿಟ್ಟು ಮೂರು ಸುತ್ತು. ಸುಲಭ ಆದರೆ ಲೆಕ್ಕ ಜಾಸ್ತಿ ಮಾಡಬೇಡಿ. ಎದೆಗೆ ಒಂದು ಮರಳಿನ ಚೀಲ ಅಪ್ಪಿಕೊಳ್ಳಿ. ಮಂಡಿ ನೋಯುವ ಆಳಕ್ಕೆ ಹೋಗಬೇಡಿ, ಅದಕ್ಕಿಂತ ನಾಲ್ಕು ಬೆರಳು ಮೇಲೇ ನಿಲ್ಲಿಸಿ. ಮಂಡಿ ಈಗಾಗಲೇ ಸಿಡುಕುತ್ತಿದ್ದರೆ ಗೋಡೆಗೆ ಬೆನ್ನು ಒರಗಿಸಿ ಅರ್ಧ ಕೂತ ಭಂಗಿಯಲ್ಲಿ 30ರಿಂದ 45 ಸೆಕೆಂಡ್ ಹಾಗೇ ನಿಲ್ಲಿ. ಕೆಲವು ವಾರ ಇದನ್ನೇ ಮಾಡಿದರೂ ತೊಡೆ ಬಲ ಉಳಿಯುತ್ತದೆ.

ದಂಡದಲ್ಲಿ ತೊಂದರೆ ಕೊಡುವುದು ಎರಡು ಜಾಗ. ಎದೆ ನೆಲ ಸವರಿಕೊಂಡು ಮುಂದೆ ಹೋಗಿ ಮೇಲೇಳುವಾಗ ಭುಜದ ನರಗಟ್ಟು ಎಲುಬಿನ ನಡುವೆ ಸಿಕ್ಕಿಕೊಳ್ಳುತ್ತದೆ. ಕೊನೆಗೆ ಎದೆ ಎತ್ತಿ ಬೆನ್ನು ಹಿಂದಕ್ಕೆ ಬಾಗಿಸುವಾಗ ಸೊಂಟದ ಕೀಲು ಒತ್ತುತ್ತದೆ. ಭುಜ ಸರಿ ಇದ್ದವರು ನಿಧಾನಕ್ಕೆ ಕೆಲವನ್ನು ಹಳೇ ರೀತಿಯಲ್ಲೇ ಹೊಡೆಯಲಿ. ನೋವಿದ್ದವರು ಗರಡಿಯ ಕಟ್ಟೆಗೆ ಕೈ ಊರಿ, ಮೈ ನೇರ ಇಟ್ಟು, ಇಳಿದು ಏಳಲಿ. ಮಣಿಕಟ್ಟು ನೋಯುವವರು ಅಂಗೈ ಚಪ್ಪಟೆ ಊರುವ ಬದಲು ಎರಡು ಮರದ ಹಿಡಿಗಳನ್ನು ಮುಷ್ಟಿಯಲ್ಲಿ ಹಿಡಿದು ಮಾಡಲಿ. ಪ್ರತಿ ಸಲವೂ ಏಳುವಾಗ ಉಸಿರು ಬಿಡಿ. ಉಸಿರು ಬಿಗಿ ಹಿಡಿದು ಒತ್ತಿದರೆ ಬಿಪಿ ಒಂದೇ ಸಲ ಮೇಲಕ್ಕೆ ಹಾರುತ್ತದೆ. ಎತ್ತುವ, ಎಳೆಯುವ ಎಲ್ಲ ಸಾಮಿಗೂ ಇದು ಅನ್ವಯಿಸುತ್ತದೆ.

ಗದೆ ನನ್ನ ಮೆಚ್ಚಿನದು. ಹಗುರ ಗದೆಯನ್ನು ತಲೆ ಹಿಂದಿನಿಂದ ನಿಧಾನಕ್ಕೆ ಬೀಸಿ ತಂದರೆ ಭುಜ ಸಡಿಲಾಗುತ್ತದೆ, ಹಿಡಿತ ಗಟ್ಟಿಯಾಗುತ್ತದೆ. ಆದರೆ ಕೈಯನ್ನು ಕಿವಿ ಪಕ್ಕದಲ್ಲಿ ನೇರ ಮೇಲಕ್ಕೆ ನೋವಿಲ್ಲದೆ ಎತ್ತಲು ಆಗುವವರು ಮಾತ್ರ ಇದಕ್ಕೆ ಕೈ ಹಾಕಬೇಕು. ಗೋಡೆಗೆ ಬೆನ್ನು, ತಲೆ ತಾಗಿಸಿ ನಿಂತು ಎರಡೂ ಕೈ ಎತ್ತಿ ನೋಡಿಕೊಳ್ಳಿ. ಬೆನ್ನು ಬಿಲ್ಲಾಗದೆ ಕೈ ಗೋಡೆ ಮುಟ್ಟಿದರೆ ಗದೆ ಹಿಡಿಯಬಹುದು. ಮುಟ್ಟದಿದ್ದರೆ ಆ ಚಲನೆ ಬರುವ ತನಕ ಗದೆ ಗೋಡೆಗೇ ಒರಗಿರಲಿ.

ಕತ್ತಿನ ವಿಷಯದಲ್ಲಿ ನಾನು ಕಟ್ಟುನಿಟ್ಟು. ತಲೆ ಊರಿ ಮೈಯನ್ನು ಕಮಾನು ಮಾಡುವ ಸಾಮು ಐವತ್ತರ ಮೇಲೆ ಬೇಡವೇ ಬೇಡ. ಈ ವಯಸ್ಸಿಗೆ ಕತ್ತಿನ ಮಣಿಗಳಲ್ಲಿ ಸವಕಳಿ ಇರುವುದು ಮಾಮೂಲು. ಎಷ್ಟೋ ಜನರಿಗೆ ಅದು ಗೊತ್ತೂ ಇರುವುದಿಲ್ಲ. ಬದಲಿಗೆ ಅಂಗೈಯನ್ನು ಹಣೆಗೆ ಒತ್ತಿ, ತಲೆ ಅಲುಗದಂತೆ ಎದುರು ಒತ್ತಿ, 8 ಸೆಕೆಂಡ್ ಹಿಡಿಯಿರಿ. ಹಿಂದೆ, ಎಡಕ್ಕೆ, ಬಲಕ್ಕೆ ಹೀಗೇ. ಬಲದಲ್ಲಿ ಅರ್ಧದಷ್ಟು ಹಾಕಿದರೆ ಸಾಕು.

ಇನ್ನು, ಕಳೆದುಹೋಗುತ್ತಿರುವ ಚುರುಕಿನ ಮಾತು. ನಿಧಾನದ ಸಾಮು ಬಲ ಉಳಿಸುತ್ತದೆ, ಚುರುಕನ್ನು ಪೂರ್ತಿ ಉಳಿಸುವುದಿಲ್ಲ. ಅದಕ್ಕೆ ಬೇರೆ ಕೆಲಸ ಬೇಕು. ಮೈ ಕಾದ ಕೂಡಲೇ, ದಣಿಯುವ ಮೊದಲೇ, ಸ್ಟೂಲಿಂದ ಥಟ್ಟನೆ ಏಳುವುದನ್ನು ಐದು ಸಲ ಮಾಡಿ. ಎದುರಾಳಿ ಇಲ್ಲದೆ ಮುಂಗಾಲು ಹಾಕಿ ಒಳನುಗ್ಗುವ ಹೆಜ್ಜೆಯನ್ನು ಎಡಕ್ಕೆ ಐದು, ಬಲಕ್ಕೆ ಐದು. ನಡುವೆ ಧಾರಾಳ ಬಿಡುವು. ಬೆವರು ಸುರಿಸುವುದಕ್ಕೆ ಇದನ್ನು ಮಾಡುತ್ತಿಲ್ಲ. ವೇಗ ಇಳಿದಿದೆ ಅನ್ನಿಸಿದ ತಕ್ಷಣ ನಿಲ್ಲಿಸಿಬಿಡಿ.

ಒಂಟಿಕಾಲಲ್ಲಿ ನಿಲ್ಲುವುದನ್ನು ಅಗೆದ ಮಣ್ಣಿನ ಮೇಲೇ ಮಾಡಿ, ಬರಿಗಾಲಲ್ಲಿ. ಒಂದೊಂದು ಕಾಲಿಗೆ 30 ಸೆಕೆಂಡ್. ಹಗ್ಗ ಹತ್ತುವುದು ಬೇಡ. ಪಾದ ನೆಲದಲ್ಲೇ ಇಟ್ಟು ಹಗ್ಗ ಹಿಡಿದು ಜೋತರೆ ಹಿಡಿತಕ್ಕೆ ಅಷ್ಟು ಸಾಕು.

ಹಂತ 5: ಕುಸ್ತಿ ಹಿಡಿಯುವಾಗ

ಜೊತೆಗಾರನ ಆಯ್ಕೆಯೇ ಮುಖ್ಯ. ಜಾತ್ರೆಗೆ ತಯಾರಾಗುತ್ತಿರುವ ಹುಡುಗ ಬೇಡ. ಅವನಿಗೆ ಗೆಲ್ಲುವ ಹಸಿವು, ಅದು ಇರಬೇಕಾದ್ದೇ. ನಿಮಗಿಂತ ಬಹಳ ತೂಕದವರು ಬೇಡ. ನಿನ್ನೆ ಮೊನ್ನೆ ಸೇರಿದವರೂ ಬೇಡ, ಮೈಮೇಲೆ ಹೇಗೆ ಬೀಳುತ್ತಾರೋ ಅವರಿಗೇ ಗೊತ್ತಿರುವುದಿಲ್ಲ. ಪಟ್ಟು ಬಲ್ಲ, ಕೈ ಹಿಡಿತದಲ್ಲಿರುವ, "ಸಾಕು" ಅಂದ ತಕ್ಷಣ ಬಿಡುವ ಒಬ್ಬರು ಇಬ್ಬರು ಸಿಕ್ಕರೆ ಅವರನ್ನು ಉಳಿಸಿಕೊಳ್ಳಿ.

ಹಿಡಿಯುವ ಮೊದಲೇ ಬಾಯಿ ಬಿಟ್ಟು ಹೇಳಿ: "ತಮ್ಮಾ, ಎಡ ಮಂಡಿ ಸರಿ ಇಲ್ಲ, ಆ ಕಾಲಿಗೆ ಬರಬೇಡ. ಎತ್ತಿ ಒಗೆಯೋದು ಬೇಡ. ಎರಡು ನಿಮಿಷಕ್ಕೆ ನಿಲ್ಸೋಣ." ಹೀಗೆ ಹೇಳಲು ಸಂಕೋಚ ಪಟ್ಟವರೇ ಜಾಸ್ತಿ ಪೆಟ್ಟು ತಿನ್ನುವುದು. ಹುಡುಗರಿಗೂ ಮೊದಲೇ ಗೊತ್ತಿದ್ದರೆ ಸಲೀಸು. ಇಲ್ಲದಿದ್ದರೆ ಹಿರಿಯರ ಮೇಲೆ ಎಷ್ಟು ಬಲ ಹಾಕಬೇಕು ಅಂತ ತಿಳಿಯದೆ ಅವರೂ ಮೈ ಬಿಗಿ ಹಿಡಿದು ಆಡುತ್ತಾರೆ.

ಎರಡು ನಿಮಿಷದ ಸುತ್ತು, ಆಮೇಲೆ ಉಸಿರು ಪೂರ್ತಿ ಇಳಿಯುವ ತನಕ ಬಿಡುವು. ಇಂಥ ಮೂರು ನಾಲ್ಕು ಸುತ್ತು ಸಾಕು. ದೂರದಿಂದ ನುಗ್ಗಿ ಶುರು ಮಾಡುವ ಬದಲು ಇಬ್ಬರೂ ಹಿಡಿತದಲ್ಲೇ ನಿಂತು ಶುರು ಮಾಡಿ. ಒಂದು ಸುತ್ತು ಬರೀ ಮಣಿಕಟ್ಟು ಹಿಡಿಯುವ, ಬಿಡಿಸುವ ಆಟ. ಇನ್ನೊಂದು ಸುತ್ತು ಕೆಳಗೆ, ಹಿಂದಿನಿಂದ ಸೊಂಟ ಹಿಡಿದು ಭಾರ ಹಾಕುವುದು. ನಿಮ್ಮಲ್ಲಿ ಉಳಿದಿರುವ ಬಲ ಇರುವುದೇ ಇಲ್ಲಿ. ಸಮಯ ಕಾಯುವುದು, ಭಾರ ಹಾಕುವುದು, ಎದುರಾಳಿ ತಾನಾಗಿ ತಪ್ಪು ಹೆಜ್ಜೆ ಇಡುವ ಹಾಗೆ ಮಾಡುವುದು. ಯೌವನದಲ್ಲಿ ಬಲ ಇತ್ತು ಅಂತ ಇದನ್ನೆಲ್ಲ ಅರ್ಧಂಬರ್ಧ ಕಲಿತಿರುತ್ತೇವೆ. ಪೂರ್ತಿ ಕಲಿಯಲು ಈಗ ಪುರಸೊತ್ತಿದೆ.

ಬಿಡಬೇಕಾದ ಪಟ್ಟುಗಳೂ ಇವೆ. ಎದುರಾಳಿಯನ್ನು ಮೇಲೆತ್ತಿ ಒಗೆಯುವುದು, ಧಡ್ ಅಂತ ಮಂಡಿ ಊರಿ ಕಾಲಿಗೆ ನುಗ್ಗುವುದು, ಪಾದ ಮಣ್ಣಲ್ಲಿ ಹೂತಿರುವಾಗ ಮಂಡಿ ತಿರುಚುವ ಯಾವುದೇ ಪಟ್ಟು. ಬೆನ್ನು ನೆಲಕ್ಕೆ ತಾಗುವ ಹೊತ್ತಿಗೆ ಕತ್ತಿನ ಮೇಲೆ ಸೇತುವೆ ಕಟ್ಟಿ ಉಳಿದುಕೊಳ್ಳುವುದನ್ನೂ ಬಿಡಿ. ತಾಲೀಮಿನಲ್ಲಿ ಚಿತ್ ಆದರೆ ಆಗಲಿ, ಬೆನ್ನಿಗೆ ಮಣ್ಣು ಹತ್ತಲಿ. ಎದ್ದು ಕೈ ಕೊಟ್ಟು ಮತ್ತೆ ಹಿಡಿಯಿರಿ.

ಬೀಳುವುದನ್ನು ವಾರಕ್ಕೊಮ್ಮೆ ಅಭ್ಯಾಸ ಮಾಡಿ. ಕುಕ್ಕರಗಾಲಲ್ಲಿ ಕೂತು ಶುರು ಮಾಡಿ. ಗದ್ದ ಎದೆಗೆ ತಾಗಿಸಿ, ಬೆನ್ನು ದುಂಡಗೆ ಮಾಡಿ, ಪಕ್ಕಕ್ಕೆ ಉರುಳಿ, ತೋಳಿನ ಉದ್ದಕ್ಕೂ ನೆಲಕ್ಕೆ ಬಡಿಯಿರಿ, ಉಸಿರು ಬಿಡಿ. ಬೀಳುವಾಗ ಕೈ ಚಾಚಿ ಅಂಗೈ ಊರಿದರೆ ಮಣಿಕಟ್ಟು ಮುರಿಯುತ್ತದೆ, ಇಲ್ಲವೇ ಭುಜ ಜಾರುತ್ತದೆ. ಈ ಅಭ್ಯಾಸ ಬಚ್ಚಲುಮನೆಯಲ್ಲಿ ಜಾರಿದಾಗಲೂ ಕಾಪಾಡುತ್ತದೆ.

ಹಂತ 6: ವಾರವನ್ನು ಹಂಚಿಕೊಳ್ಳುವುದು

ದಿನಾ ಗರಡಿಗೆ ಹೋಗಿ, ದಿನಾ ಕುಸ್ತಿ ಬೇಡ. ವಾರಕ್ಕೆ ಎರಡು ದಿನ ಕುಸ್ತಿ ಸಾಕು, ನಡುವೆ ಕನಿಷ್ಠ ಎರಡು ದಿನ ಬಿಡುವು ಇರಲಿ. ಎರಡು ದಿನ ಬಲದ ಸಾಮು. ಉಳಿದ ದಿನ ನಡಿಗೆ, ಮೈ ಸಡಿಲಿಸುವುದು, ಎಣ್ಣೆ ಹಚ್ಚಿ ತಿಕ್ಕಿಸಿಕೊಳ್ಳುವುದು. ಒಂದು ದಿನ ಏನೂ ಬೇಡ, ಸುಮ್ನೆ ಹೋಗಿ ಕೂತು ಹುಡುಗರ ಕುಸ್ತಿ ನೋಡಿ ಬನ್ನಿ. ಏಪ್ರಿಲ್, ಮೇ ತಿಂಗಳಲ್ಲಿ ಬೆಳಗ್ಗೆ ಎಂಟಕ್ಕೇ ಬಿಸಿಲು ಚುರುಕಾಗುವ ಊರು ಇದು. ಆಗ ಎಲ್ಲವನ್ನೂ ಕಾಲುಭಾಗ ಕಡಿಮೆ ಮಾಡಿ.

ಹಂತ 7: ನೋವನ್ನು ಓದಲು ಕಲಿಯಿರಿ

ಮಾರನೇ ದಿನ ತೊಡೆ, ಎದೆ, ರಟ್ಟೆ ಎರಡೂ ಕಡೆ ಒಂದೇ ಸಮ ಹಿಂಡಿದ ಹಾಗಿದ್ದರೆ ಅದು ಕೆಲಸದ ನೋವು. ಎರಡು ಮೂರು ದಿನದಲ್ಲಿ ಹೋಗುತ್ತದೆ. ಒಂದೇ ಕಡೆ, ಒಂದೇ ಚುಕ್ಕೆಯಲ್ಲಿ, ಕೀಲಿನ ಹತ್ತಿರ ಚುಚ್ಚುವ ನೋವು ಬೇರೆ. ಅದನ್ನು ಹತ್ತರಲ್ಲಿ ಎಷ್ಟು ಅಂತ ನೀವೇ ಅಳೆಯಿರಿ. ಮೂರರ ಒಳಗಿದ್ದು, ಮರುದಿನ ಬೆಳಗ್ಗೆ ಏರದಿದ್ದರೆ ಹಗುರವಾಗಿ ಮುಂದುವರಿಸಬಹುದು. ಮರುದಿನ ಏರಿದ್ದರೆ ನಿನ್ನೆ ಮಾಡಿದ್ದು ಜಾಸ್ತಿ ಆಗಿದೆ ಅಂತ ಅರ್ಥ. ಕೀಲು ಊದಿದರೆ, ಮಂಡಿ ಸಿಕ್ಕಿಹಾಕಿಕೊಂಡರೆ, ರಾತ್ರಿ ನಿದ್ದೆಗೆಡಿಸುವ ಭುಜದ ನೋವಿದ್ದರೆ ಮೂಳೆ ಡಾಕ್ಟರಿಗೆ ತೋರಿಸಿ. ಫಿಸಿಯೋಥೆರಪಿ ಮಾಡುವವರ ಹತ್ತಿರ ಹೋಗಿ ನಿಮ್ಮ ಪಟ್ಟನ್ನು ನಿಧಾನಕ್ಕೆ ಮಾಡಿ ತೋರಿಸಿ. ಎಲ್ಲಿ ನೋವು ಬರುತ್ತದೆ ಅಂತ ಅವರಿಗೆ ಕಣ್ಣಾರೆ ಕಾಣಬೇಕು.

ನೋವಿನ ಮಾತ್ರೆ ನುಂಗಿ ಕಣಕ್ಕಿಳಿಯುವ ಅಭ್ಯಾಸ ನಮ್ಮಲ್ಲಿ ತುಂಬಾ ಇದೆ. ದಯವಿಟ್ಟು ಬೇಡ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಥರದ ಮಾತ್ರೆಗಳು ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಬಿಪಿ ಏರಿಸುತ್ತವೆ, ಬೆವರಿ ನೀರು ಕಡಿಮೆಯಾದ ಮೈಯಲ್ಲಿ ಕಿಡ್ನಿಗೆ ಪೆಟ್ಟು ಕೊಡುತ್ತವೆ. ಎಚ್ಚರಿಸಬೇಕಾದ ನೋವನ್ನೂ ಮುಚ್ಚಿಬಿಡುತ್ತವೆ.

ಎದೆ ಹಿಡಿದ ಹಾಗಾದರೆ, ನೋವು ದವಡೆಗೋ ತೋಳಿಗೋ ಹರಿದರೆ, ತಣ್ಣನೆ ಬೆವರು ಬಂದರೆ, ಕಣ್ಣು ಕತ್ತಲೆ ಬಂದರೆ ಅಲ್ಲೇ ನಿಲ್ಲಿಸಿ 108ಕ್ಕೆ ಫೋನ್ ಮಾಡಿಸಿ. ಗ್ಯಾಸ್ ಇರಬೇಕು ಅಂತ ಸೋಡಾ ಕುಡಿದು ಕಾಯಬೇಡಿ. ಕತ್ತಿಗೆ ಪೆಟ್ಟು ಬಿದ್ದು ಕೈಕಾಲು ಜುಮ್ಮೆಂದರೆ, ಬಲ ಹೋದರೆ, ಬಿದ್ದವರನ್ನು ಎತ್ತಿ ಕೂರಿಸಬೇಡಿ, ಕತ್ತು ನೆಟಿಗೆ ತೆಗೆಯಬೇಡಿ. ಆಂಬುಲೆನ್ಸ್ ಬರುವ ತನಕ ಅಲುಗಾಡಿಸದೆ ಮಲಗಿಸಿರಿ. ಗರಡಿಯ ಪ್ರತಿ ಹುಡುಗನಿಗೂ ಇದು ಗೊತ್ತಿರಬೇಕು.

ಹಂತ 8: ಊಟ, ನೀರು, ನಿದ್ದೆ

ಸಾಮು ಅರ್ಧ ಆದ ಮೇಲೂ ಪೈಲ್ವಾನರ ಊಟ ಹಾಗೇ ಉಳಿಯುತ್ತದೆ. ಹೊಟ್ಟೆ ಬರುವುದು ಇಲ್ಲಿಂದ, ಶುಗರ್ ಬರುವುದೂ ಇಲ್ಲಿಂದ. ಕಡಿಮೆ ಮಾಡಬೇಕಾದ್ದು ತುಪ್ಪ, ಸಕ್ಕರೆ, ರಾಶಿ ಅನ್ನ. ಪ್ರೋಟೀನ್ ಕಡಿಮೆ ಮಾಡಬಾರದು. ವಯಸ್ಸಾದ ಸ್ನಾಯುವಿಗೆ ಅದು ಇನ್ನೂ ಜಾಸ್ತಿ ಬೇಕು, ಒಂದು ಕೆಜಿ ತೂಕಕ್ಕೆ ದಿನಕ್ಕೆ 1ರಿಂದ 1.2 ಗ್ರಾಂ. 70 ಕೆಜಿ ಇರುವವರಿಗೆ 70ರಿಂದ 84 ಗ್ರಾಂ. ಎರಡು ಮೊಟ್ಟೆಯಲ್ಲಿ ಸುಮಾರು 12, ಎರಡು ದೊಡ್ಡ ಲೋಟ ಹಾಲಲ್ಲಿ 16, ಒಂದು ಹಿಡಿ ಶೇಂಗಾದಲ್ಲಿ 7, 50 ಗ್ರಾಂ ಒಣಕಡಲೆ ನೆನೆಸಿ ತಿಂದರೆ 10, ಒಂದು ಬಟ್ಟಲು ಬೇಳೆಯಲ್ಲಿ 7, ಎರಡು ಜೋಳದ ರೊಟ್ಟಿಯಲ್ಲಿ 12 ಗ್ರಾಂ ಹತ್ತಿರ ಸಿಗುತ್ತದೆ. ಒಂದೇ ಹೊತ್ತಿಗೆ ತಿನ್ನದೆ ಮೂರು ಹೊತ್ತಿಗೆ ಹಂಚಿ. ಕಿಡ್ನಿ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಈ ಲೆಕ್ಕ ಹಿಡಿಯಬಾರದು. ಬೆಣ್ಣೆ ದೋಸೆ ಬಿಡಿ ಅಂತ ದಾವಣಗೆರೆಯವರಿಗೆ ನಾನು ಹೇಳುವುದಿಲ್ಲ. ಭಾನುವಾರಕ್ಕೆ ಇಟ್ಟುಕೊಳ್ಳಿ.

ವಯಸ್ಸಾದಂತೆ ಬಾಯಾರಿಕೆ ತಿಳಿಯುವುದೇ ಕಡಿಮೆ ಆಗುತ್ತದೆ. ಹಾಗಾಗಿ ಬಾಯಾರುವ ತನಕ ಕಾಯದೆ ಕುಡಿಯಿರಿ. ಗರಡಿಗೆ ಮುಂಚೆ ಮತ್ತು ಆಮೇಲೆ ತೂಗಿ ನೋಡಿ. ಅರ್ಧ ಕೆಜಿ ಇಳಿದಿದ್ದರೆ ಹೋಗಿರುವುದು ಅರ್ಧ ಲೀಟರ್ ನೀರು. ಮಜ್ಜಿಗೆಗೆ ಚಿಟಿಕೆ ಉಪ್ಪು ಹಾಕಿ ಕುಡಿದರೆ ಚೆನ್ನ. ಬಿಪಿ ಇರುವವರು ಉಪ್ಪು ಹಾಕಬೇಡಿ.

ನಾಲ್ಕೂವರೆಗೆ ಏಳುವವರು ಒಂಬತ್ತೂವರೆಗೆ ಮಲಗಬೇಕು. ಏಳು ಗಂಟೆ ನಿದ್ದೆ ಆಗದ ದಿನ ಕುಸ್ತಿ ಹಿಡಿಯಬೇಡಿ, ನಡೆದು ಬನ್ನಿ.

ಹಂತ 9: ಚರ್ಮ

ಮಣ್ಣಿಗೆ ಅರಿಶಿನ, ಎಣ್ಣೆ, ಮಜ್ಜಿಗೆ ಹಾಕಿದರೂ ಗಜಕರ್ಣ, ಕುರು ಹರಡುವುದು ನಿಲ್ಲುವುದಿಲ್ಲ. ಮುಗಿದ ಕೂಡಲೇ ಸೋಪು ಹಚ್ಚಿ ಸ್ನಾನ ಮಾಡಿ. ಟವೆಲ್, ಲಂಗೋಟಿ ಹಂಚಿಕೊಳ್ಳಬೇಡಿ. ಶುಗರ್ ಇರುವವರು ಅಂಗಾಲು, ಬೆರಳ ಸಂದು ದಿನಾ ನೋಡಿಕೊಳ್ಳಿ. ಸಣ್ಣ ತರಚು ಗಾಯ ಇದ್ದರೂ ವಾಸಿಯಾಗುವ ತನಕ ಕಣ ಬೇಡ.

ಹಂತ 10: ಬಿಟ್ಟು ಬಂದಾಗ, ಜಾತ್ರೆ ಬಂದಾಗ

ಜ್ವರ, ಮದುವೆ, ಸುಗ್ಗಿ ಅಂತ ಎರಡು ವಾರ ತಪ್ಪಿದರೆ ಹಿಂದೆ ಮಾಡುತ್ತಿದ್ದುದರ ಅರ್ಧದಿಂದ ಶುರು ಮಾಡಿ. ಎರಡು ತಿಂಗಳು ತಪ್ಪಿದ್ದರೆ ಮೊದಲ ಎರಡು ಮೂರು ವಾರ ಬರೀ ಸಾಮು, ಆಮೇಲೆ ಮಣಿಕಟ್ಟಿನ ಆಟ, ಕೊನೆಗೆ ಕುಸ್ತಿ. ಮೈ "ಆಗುತ್ತೆ" ಅಂದಾಗಲೂ ನರಗಟ್ಟಿಗಾಗಿ ಇನ್ನೊಂದು ವಾರ ಕಾಯಿರಿ.

ಜಾತ್ರೆಯ ಕಣಕ್ಕೆ ಇಳಿಯಬೇಕಾ? ಬಹುಮಾನದ ಹಣಕ್ಕೆ ಕಟ್ಟುವ ಜೋಡಿಯಲ್ಲಿ ಹುಡುಗರ ಎದುರು ಬೇಡ. ಹಲಗೆ, ಡೊಳ್ಳು ಕಿವಿಗೆ ಬಿದ್ದಾಗ ಎರಡು ನಿಮಿಷದ ಮಾತು ಯಾರಿಗೂ ನೆನಪಿರುವುದಿಲ್ಲ. ಸಮವಯಸ್ಕರ ಜೊತೆ ಮೊದಲೇ ಮಾತಾಡಿಕೊಂಡು, ಇಷ್ಟೇ ಹೊತ್ತು ಅಂತ ಗೊತ್ತು ಮಾಡಿಕೊಂಡು ಹಿಡಿಯುವುದಾದರೆ ಹಿಡಿಯಿರಿ. ಪೈಪೋಟಿಯೇ ಬೇಕು ಅನ್ನುವವರಿಗೆ ಮ್ಯಾಟ್ ಕುಸ್ತಿಯಲ್ಲಿ ಹಿರಿಯರ ವಿಭಾಗವಿದೆ. ಅಂತರರಾಷ್ಟ್ರೀಯ ಮಟ್ಟದಲ್ಲಿ 35 ದಾಟಿದವರಿಗೆ ಶುರುವಾಗಿ ವಯಸ್ಸಿಗೆ ತಕ್ಕಂತೆ ಗುಂಪು ಮಾಡುತ್ತಾರೆ, ಸುತ್ತುಗಳೂ ಚಿಕ್ಕವು.

ಊರಿನ ಕುಸ್ತಿ ಕಮಿಟಿಯಲ್ಲಿ ನಿಮ್ಮ ಮಾತು ನಡೆಯುವುದಾದರೆ ಒಂದು ಕೆಲಸ ಮಾಡಿ. ಹಿರಿಯರ ಒಂದೆರಡು ಜೋಡಿಗೆ ದಿನದ ಮೊದಲಲ್ಲೇ, ಬಿಸಿಲು ಏರುವ ಮುಂಚೆ, ಸಮಯ ಕೊಡಿಸಿ. ಜೋಡಿ ಕಟ್ಟುವಾಗ ತೂಕದ ಜೊತೆ ವಯಸ್ಸು, ಬಿಪಿ ಮಾತ್ರೆ, ಹಳೇ ಪೆಟ್ಟು ಎಲ್ಲವನ್ನೂ ಕೇಳಿ ಬರೆದುಕೊಳ್ಳಿ. ಕಣದ ಪಕ್ಕ ಒಂದು ಆಂಬುಲೆನ್ಸ್ ನಿಲ್ಲಿಸಿ.